ಷರತ್ತಿಗೊಳಪಟ್ಟ ಪೌರುಷ

ರಡ್ಯಾರ್ಡ್ ಕಿಪ್ಲಿಂಗನ ‘ಇಫ್’ ಎಂಬ ಕವಿತೆಯನ್ನು ಇಂಗ್ಲಿಷ್ ಕಲಿತ ಭಾರತೀಯರಲ್ಲಿ ಅರಿಯದವರು ವಿರಳ. ಶಾಲೆಯ ಪಠ್ಯದಲ್ಲಿಯೋ ಕಚೇರಿಯ ಗೋಡೆಯ ಮೇಲೆಯೋ ಅದನ್ನು ಕಂಡು, ಸೋಲುಗೆಲವುಗಳಲ್ಲಿ ಸಮಚಿತ್ತನಾಗಿರಬೇಕೆಂಬ ಅದರ ಬೋಧೆಗೆ ಮನಸೋತು, ಇದು ಭಗವದ್ಗೀತೆಯ ಸ್ಥಿತಪ್ರಜ್ಞನ ಲಕ್ಷಣವೇ ಆಂಗ್ಲವೇಷದಲ್ಲಿ ಬಂದಂತಿದೆಯೆಂದು ಕೊಂಡಾಡಿದವರೂ ನಮ್ಮಲ್ಲಿ ಉಂಟು. ಆ ಕೊಂಡಾಟದಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳಲಾರೆ. ಧೈರ್ಯ, ಸಹನೆ, ವಾಕ್ಸಂಯಮ ಇವು ಯಾರ ಬಾಯಿಂದ ಬಂದರೂ ಸದ್ಗುಣಗಳೇ. ಆದರೆ ಕವಿತೆಯೊಂದರ ಬೋಧೆಯನ್ನು ತಿಳಿಯಬೇಕಾದರೆ ಅದರಲ್ಲಿರುವ ಗುಣಗಳನ್ನು ಎಣಿಸಿದರೆ ಸಾಲದು. ಆ ಗುಣಗಳನ್ನು ಯಾರು ಯಾರಿಂದ ಅಪೇಕ್ಷಿಸುತ್ತಿದ್ದಾರೆ, ಏತಕ್ಕಾಗಿ ಅಪೇಕ್ಷಿಸುತ್ತಿದ್ದಾರೆ, ಪ್ರತಿಫಲವಾಗಿ ಯಾವುದನ್ನು ತೋರಿಸುತ್ತಿದ್ದಾರೆ ಎಂಬುದನ್ನೂ ಕೇಳಿಕೊಳ್ಳಬೇಕಾಗುತ್ತದೆ.

1910ರಲ್ಲಿ ಗ್ರಂಥರೂಪದಲ್ಲಿ ಬೆಳಕು ಕಂಡ ಆ ಕವಿತೆಯ 32 ಸಾಲುಗಳೂ ಸೇರಿ ಒಂದೇ ವಾಕ್ಯ. ಷರತ್ತಿನ ಮೇಲೆ ಷರತ್ತು ಬೆಳೆದು, ಓದುಗನ ಉಸಿರು ಕಟ್ಟುವಷ್ಟು ದೂರ ಸಾಗಿ, ಕಟ್ಟಕಡೆಯ ಎರಡು ಸಾಲುಗಳಲ್ಲಿ ಮಾತ್ರ ಫಲಶ್ರುತಿ ದೊರೆಯುತ್ತದೆ: ಭೂಮಿಯ ಒಡೆತನ, ಅದಕ್ಕೂ ಮಿಗಿಲಾಗಿ ಗಂಡಸುತನ. ಮಗನೆಂದು ಕರೆಯುವ ಮಾತು ಕೂಡ ಅಷ್ಟು ಷರತ್ತುಗಳು ಮುಗಿದ ಮೇಲೆಯೇ ತಂದೆಯ ಬಾಯಿಂದ ಹೊರಡುತ್ತದೆ. ಶಿಲ್ಪದೃಷ್ಟಿಯಿಂದ ಇದು ಉನ್ನತವಾದ ಕೌಶಲವೇ ಸರಿ. ಆದರೆ ಈ ಶಿಲ್ಪದಲ್ಲಿಯೇ ಒಂದು ತತ್ತ್ವ ಅಡಗಿದೆ. ಮನುಷ್ಯನಿಗೆ ಪೌರುಷವೆಂಬುದು ಸ್ವಭಾವತಃ ಬಂದುದಲ್ಲ, ಪರೀಕ್ಷೆಯಿಂದ ಸಂಪಾದಿಸತಕ್ಕದ್ದು, ಪರೀಕ್ಷಕನು ತಂದೆ, ತೇರ್ಗಡೆಯಾದುದನ್ನು ಸಾರುವ ಅಧಿಕಾರವೂ ಅವನದೇ. ಮಗನು ಈ ಕವಿತೆಯಲ್ಲಿ ಒಂದು ಮಾತನ್ನೂ ಆಡುವುದಿಲ್ಲ.

ಗೀತೆಯೊಡನೆ ಹೋಲಿಸುವವರು ಗಮನಿಸದೆ ಬಿಡುವುದು ಇದನ್ನೇ. ಅಲ್ಲಿ ಉಪದೇಶಕ್ಕೆ ಮೊದಲು ಪ್ರಶ್ನೆಯಿದೆ. ಈ ಯುದ್ಧ ನ್ಯಾಯವೇ, ಇದರಿಂದ ಬರುವ ರಾಜ್ಯವು ನನಗೆ ಬೇಕೇ ಎಂದು ಅರ್ಜುನನು ಬಿಲ್ಲನ್ನು ಕೆಳಗಿಟ್ಟು ಕೇಳಿದ್ದಾನೆ; ನಡುನಡುವೆ ಸಂಶಯವನ್ನೆತ್ತಿದ್ದಾನೆ; ಕೃಷ್ಣನು ಹದಿನೆಂಟು ಅಧ್ಯಾಯಗಳ ಕೊನೆಗೆ, ಹೇಳಿದುದೆಲ್ಲವನ್ನೂ ವಿಮರ್ಶಿಸಿ ನಿನ್ನ ಇಚ್ಛೆಯಂತೆ ಮಾಡೆಂದು ಶಿಷ್ಯನ ವಿವೇಕಕ್ಕೇ ಬಿಟ್ಟಿದ್ದಾನೆ. ಸುಖದುಃಖಗಳನ್ನು ಸಮವಾಗಿ ಕಾಣೆಂದ ಬಾಯಿಯೇ ಬ್ರಾಹ್ಮಣನಲ್ಲಿಯೂ ನಾಯಿಯಲ್ಲಿಯೂ ಸಮದರ್ಶಿಯಾಗೆಂದು ಹೇಳಿರುವುದು ಆಕಸ್ಮಿಕವಲ್ಲ. ಕಿಪ್ಲಿಂಗನ ಕವಿತೆಯಲ್ಲಿಯೂ ಅರಸರೊಡನೆ ಓಡಾಡುವವನು ಜನಸಾಮಾನ್ಯರನ್ನು ಮರೆಯಬಾರದೆಂಬ ಸೂಚನೆಯಿದೆಯೆಂಬುದು ನಿಜ. ಆದರೆ ಅದು ನಾಯಕನಾಗುವವನಿಗೆ ಹೇಳಿದ ನಡತೆಯ ಸೂತ್ರವೇ ಹೊರತು ಸಮದರ್ಶನವಲ್ಲ. ಹೇಗೆ ಸಹಿಸಬೇಕೆಂಬುದನ್ನು ಆ ಕವಿತೆ ಅಷ್ಟು ವಿಸ್ತಾರವಾಗಿ ಹೇಳಿ, ಯಾವುದಕ್ಕಾಗಿ ಸಹಿಸಬೇಕೆಂಬುದನ್ನು ಎಲ್ಲಿಯೂ ಹೇಳುವುದಿಲ್ಲ.

ಈ ಮೌನದ ಬೆಲೆಯನ್ನು ಅರಿಯಬೇಕಾದರೆ ಕವಿತೆಯ ಹಿಂದೆ ನಿಂತ ಮನುಷ್ಯನನ್ನು ನೋಡಬೇಕು. ಈ ಪದ್ಯಗಳು ಜೇಮ್ಸನನ ಶೀಲದಿಂದ ಹುಟ್ಟಿದುವೆಂದು ಕಿಪ್ಲಿಂಗನೇ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಲಿಯಾಂಡರ್ ಸ್ಟಾರ್ ಜೇಮ್ಸನನು ವೃತ್ತಿಯಿಂದ ವೈದ್ಯ, ಸೆಸಿಲ್ ರೋಡ್ಸನ ಪರಮಾಪ್ತ, ರೋಡ್ಸನ ಕಂಪನಿ ಆಕ್ರಮಿಸಿದ್ದ ಆಫ್ರಿಕದ ನಾಡಿಗೆ ಆಡಳಿತಾಧಿಕಾರಿ. 1886ರಲ್ಲಿ ಚಿನ್ನದ ನಿಕ್ಷೇಪ ಹೊರಬಿದ್ದ ಟ್ರಾನ್ಸ್‌ವಾಲನ್ನು ಅದನ್ನಾಳುತ್ತಿದ್ದ ಬೋಅರರಿಂದ ಕಿತ್ತುಕೊಳ್ಳಬೇಕೆಂಬ ಹವಣಿಕೆಯಲ್ಲಿ, 1895ರ ಡಿಸೆಂಬರ್ 29ರಂದು ಅವನು ಸುಮಾರು 500–600 ಸವಾರರೊಡನೆ ಗಡಿ ದಾಟಿದನು. ರಾಜಧಾನಿಗೆ ಸುದ್ದಿ ಮುಟ್ಟದಂತೆ ತಂತಿಯನ್ನು ಕತ್ತರಿಸಲು ಹೋದ ಸೈನಿಕರು ತಾರಿನ ತಂತಿಯನ್ನು ಬಿಟ್ಟು ಯಾರದೋ ಹೊಲದ ಬೇಲಿಯ ತಂತಿಯನ್ನು ಕತ್ತರಿಸಿಬಂದರೆಂಬ ಕಥೆ ಪ್ರಸಿದ್ಧವಾಗಿದೆ. ಜನವರಿ 2ರಂದು ಡೋರ್ನ್‌ಕಾಪ್‌ನಲ್ಲಿ ಶರಣಾಗತಿಯಾಯಿತು. ಲಂಡನ್ನಿನಲ್ಲಿ ವಿಚಾರಣೆ ನಡೆದು 15 ತಿಂಗಳ ಸೆರೆಯಾಯಿತು. ಅವಧಿಗೆ ಮುನ್ನವೇ ಬಿಡುಗಡೆಯಾಯಿತು. 1904ರಲ್ಲಿ ಅವನೇ ಕೇಪ್ ವಸಾಹತಿನ ಪ್ರಧಾನಮಂತ್ರಿಯೂ ಆದನು.

ಸೋಲನ್ನೂ ನಿಂದೆಯನ್ನೂ ಅವನು ತುಟಿಬಿಚ್ಚದೆ ನುಂಗಿದನೆಂಬುದು ಅವನ ಅಭಿಮಾನಿಗಳ ಪ್ರಶಂಸೆ. ನುಂಗಿರಬಹುದು. ಆದರೆ ದಾಳಿಗಾಗಿ ಅವನು ಪೊಲೀಸು ಪಡೆಯನ್ನು ಕರೆದೊಯ್ದು ಬರಿದುಮಾಡಿದ ನಾಡಿನಲ್ಲಿ ಕೆಲವೇ ತಿಂಗಳೊಳಗೆ ಎನ್‌ಡೆಬೆಲೆ ಜನರೂ ತರುವಾಯ ಶೋನಾ ಜನರೂ ಎದ್ದುನಿಂತುದೇಕೆ, ಕಸಿದುಕೊಂಡ ಅವರ ದನಕರುಗಳ ಮತ್ತು ನೆಲದ ಮಾತೇನು ಎಂಬ ಪ್ರಶ್ನೆಗೆ ಆ ಸ್ಥೈರ್ಯದಲ್ಲಿ ಉತ್ತರವಿಲ್ಲ. ಅನ್ಯರ ಮನೆಗೆ ನುಗ್ಗಿದವನು ಸಿಕ್ಕಿಬಿದ್ದಾಗ ತೋರಿದ ಗಾಂಭೀರ್ಯವನ್ನು ಶೀಲದ ಮಾದರಿಯೆಂದು ಬಾಲಕರಿಗೆ ಕಲಿಸಿದರೆ, ಬಾಲಕರು ಗಾಂಭೀರ್ಯದೊಡನೆ ನುಗ್ಗುವುದನ್ನೂ ಕಲಿತಾರು. ಸಾಮ್ರಾಜ್ಯಕ್ಕೆ ಬೇಕಾದುದು ಇಂಥ ತರುಣನೇ: ಕಷ್ಟಸಹಿಷ್ಣು, ಮಿತಭಾಷಿ, ಕಳುಹಿಸಿದ ಕಡೆಗೆ ಹೋಗತಕ್ಕವನು, ಏಕೆಂದು ಕೇಳದವನು.

ತಂದೆಯ ಈ ಧ್ವನಿಯಲ್ಲಿಯೇ ಸಾಮ್ರಾಜ್ಯವು ತನ್ನ ಪ್ರಜೆಗಳೊಡನೆಯೂ ಮಾತನಾಡಿತು. ಅರ್ಜಿಗಳಲ್ಲಿ ‘ತಾವೇ ತಾಯಿ ತಂದೆ’ ಎಂದು ಬರೆದು ಬೇಡಿಕೊಂಡ ನಮ್ಮವರ ಆ ಮಾತನ್ನು ಆಳುವವರು ಅಕ್ಷರಶಃ ಹಿಡಿದುಕೊಂಡರು. 1899ರಲ್ಲಿ ಫಿಲಿಪೀನ್ಸ್ ದ್ವೀಪಗಳನ್ನು ಕೈವಶಮಾಡಿಕೊಂಡ ಅಮೆರಿಕನ್ನರಿಗಾಗಿ ಕಿಪ್ಲಿಂಗನು ಬರೆದ ‘ದಿ ವೈಟ್ ಮ್ಯಾನ್ಸ್ ಬರ್ಡನ್’ ಕವಿತೆಯಲ್ಲಿ ಬಿಳಿಯರಿಗೆ ಆ ಹೊರೆಯೇ ಪ್ರೌಢತೆಯ ಪರೀಕ್ಷೆ. ಅಧೀನ ಜನಾಂಗಗಳಾದರೋ ಇನ್ನೂ ಬಾಲ್ಯದಲ್ಲಿಯೇ ನಿಂತವು. 1919ರ ಭಾರತ ಸರ್ಕಾರದ ಕಾಯಿದೆಯ ಪೀಠಿಕೆಯು, ಸ್ವಯಮಾಡಳಿತದತ್ತ ಭಾರತವು ಇಡತಕ್ಕ ಒಂದೊಂದು ಹೆಜ್ಜೆಯ ಕಾಲವನ್ನೂ ಕ್ರಮವನ್ನೂ ನಿರ್ಣಯಿಸತಕ್ಕದ್ದು ಬ್ರಿಟಿಷ್ ಪಾರ್ಲಿಮೆಂಟೇ ಎಂದು ವಿಧಿಸಿತು. ಹತ್ತು ವರ್ಷಗಳ ಬಳಿಕ ಯೋಗ್ಯತೆಯನ್ನು ಅಳೆಯುವ ಆಯೋಗದ ಏರ್ಪಾಡೂ ಆಯಿತು. ಮಗನು ಬೆಳೆಯುವನು, ಆದರೆ ಬೆಳೆದನೆಂದು ತಂದೆ ಒಪ್ಪುವ ದಿನ ಮಾತ್ರ ಮುಂದೆ ಮುಂದೆ ಸರಿಯುವುದು. ಷರತ್ತಿನ ಪೌರುಷದ ನಿಜವಾದ ಲಕ್ಷಣ ಇದು.

ನಮ್ಮ ನಾಡಿಗೂ ಈ ಪರೀಕ್ಷೆಯ ಬಿಸಿ ತಾಗಿತು. 1885ರಿಂದ 1893ರವರೆಗೆ ಭಾರತದ ಮಹಾಸೇನಾಧಿಪತಿಯಾಗಿದ್ದ ಫ್ರೆಡರಿಕ್ ರಾಬರ್ಟ್ಸನು ಅದಕ್ಕೆ ಮೊದಲು ಮದರಾಸಿನ ಸೈನ್ಯವನ್ನು ನಡೆಸಿದ್ದವನು. ದಕ್ಷಿಣದ ಜನರು ಯುದ್ಧಕ್ಕೆ ಯೋಗ್ಯರಲ್ಲ, ವೀರಜಾತಿಗಳಿರುವುದು ಉತ್ತರದಲ್ಲಿಯೇ ಎಂಬುದು ಅವನ ದೃಢವಾದ ಅಭಿಪ್ರಾಯ. ಸೈನ್ಯದ ನೇಮಕಾತಿಯೂ ಆ ಅಭಿಪ್ರಾಯದಂತೆಯೇ ಉತ್ತರಕ್ಕೆ ಹೊರಳಿತು. ಹೈದರನ ಮತ್ತು ಟಿಪ್ಪುವಿನ ಮೈಸೂರಿನೊಡನೆ ಇಂಗ್ಲಿಷರು ನಾಲ್ಕು ಯುದ್ಧಗಳನ್ನು ಮಾಡಿ ಆಗ ನೂರು ವರ್ಷವೂ ಸರಿಯಾಗಿ ಕಳೆದಿರಲಿಲ್ಲ. ಮುಂದೆ 1918ರ ಸೆಪ್ಟೆಂಬರ್ 23ರಂದು ಜೋಧಪುರದ ಪಡೆಯೊಡನೆ ಹೈಫಾ ನಗರವನ್ನು ಹಿಡಿದವರಲ್ಲಿ ಮೈಸೂರಿನ ಲಾನ್ಸರ್ ಸವಾರರೂ ಇದ್ದರು. ಇದನ್ನು ಹೇಳಿ ನಾವೂ ಪರೀಕ್ಷೆಯಲ್ಲಿ ಗೆದ್ದೆವೆಂದು ಬೀಗುವುದು ನನ್ನ ಉದ್ದೇಶವಲ್ಲ. ಹಾಗೆ ಬೀಗಿದರೆ ಪರೀಕ್ಷಕನ ಅಧಿಕಾರವನ್ನು ಒಪ್ಪಿಕೊಂಡಂತೆಯೇ ಆಗುತ್ತದೆ.

ಈ ರಾಬರ್ಟ್ಸನೇ ಕಿಪ್ಲಿಂಗನ ಮನೆಯ ಕಥೆಯಲ್ಲಿಯೂ ಬರುತ್ತಾನೆ. ಕವಿತೆ ಗ್ರಂಥದಲ್ಲಿ ಅಚ್ಚಾದಾಗ ಮಗ ಜಾನ್‌ಗೆ ಹದಿಮೂರು ವರ್ಷ. ಮೊದಲ ಮಹಾಯುದ್ಧ ಬಂದಾಗ ಹುಡುಗನ ಕಣ್ಣು ತೀರ ಮಂದವೆಂದು ಸೈನ್ಯದ ವೈದ್ಯರು ಹಿಂದಿರುಗಿಸಿದರು. ತಂದೆಯು ಹಳೆಯ ಸ್ನೇಹಿತನಾದ ರಾಬರ್ಟ್ಸನನ್ನು ಕೇಳಿಕೊಂಡು ಐರಿಷ್ ಗಾರ್ಡ್ಸ್ ಪಡೆಯಲ್ಲಿ ಅಧಿಕಾರಿಯ ಸ್ಥಾನವನ್ನು ದೊರಕಿಸಿಕೊಟ್ಟನು. 1915ರ ಸೆಪ್ಟೆಂಬರ್ 27ರಂದು ಲೂಸ್ ಕದನದಲ್ಲಿ ಜಾನ್ ಕಾಣೆಯಾದನು. ಹದಿನೆಂಟು ತುಂಬಿ ಆರು ವಾರವೂ ಆಗಿರಲಿಲ್ಲ. ತಂದೆ ಬದುಕಿರುವವರೆಗೆ ದೇಹ ಸಿಕ್ಕಲಿಲ್ಲ. ಕಿಪ್ಲಿಂಗನು ಯೋಧಸಮಾಧಿಗಳ ಆಯೋಗದಲ್ಲಿ ದುಡಿದನು, ಮಗನ ಪಡೆಯ ಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಬರೆದನು, ಮಡಿದ ತರುಣರ ಪರವಾಗಿ ಹಿರಿಯರ ಅಸತ್ಯವನ್ನು ದೂರುವ ಕಿರಿದಾದ ಚರಮಪದ್ಯವನ್ನೂ ಬರೆದನು. ಆರನೆಯ ವಯಸ್ಸಿಗೆ ಮುಂಚೆಯೇ ಮುಂಬಯಿಯಿಂದ ಇಂಗ್ಲೆಂಡಿನ ಪರಕೀಯರ ಮನೆಗೆ ಕಳುಹಿಸಲ್ಪಟ್ಟು, ತಾಯಿತಂದೆಗಳಿಲ್ಲದೆ ವರ್ಷಗಟ್ಟಲೆ ನರಳಿದ ಬಾಲಕನೇ ಈ ತಂದೆಯಾಗಿದ್ದನೆಂಬುದನ್ನು ನೆನೆದರೆ ಅವನನ್ನು ದ್ವೇಷಿಸುವುದು ಸಾಧ್ಯವಿಲ್ಲ. ತಾನು ತೆತ್ತ ಷರತ್ತನ್ನೇ ಅವನು ಮಗನಿಗೂ ದಾಟಿಸಿದನು.

ಜೇಮ್ಸನನು ನುಗ್ಗಿದ ಅದೇ ಟ್ರಾನ್ಸ್‌ವಾಲಿನಲ್ಲಿ, ‘ಇಫ್’ ಗ್ರಂಥಸ್ಥವಾಗುವ ವೇಳೆಗೆ, ಧೈರ್ಯಕ್ಕೆ ಬೇರೆಯೇ ವ್ಯಾಖ್ಯಾನ ನಡೆದಿತ್ತು. 1909ರ ನವೆಂಬರಿನಲ್ಲಿ ಹಡಗಿನಲ್ಲಿ ಕುಳಿತು, ಬಲಗೈ ಸೋತಾಗ ಎಡಗೈಯಿಂದ ‘ಹಿಂದ್ ಸ್ವರಾಜ್’ ಬರೆದ ಗಾಂಧಿಯವರು, ಸತ್ಯಾಗ್ರಹಕ್ಕೆ ದೇಹಬಲ ಬೇಕಿಲ್ಲ, ಸ್ತ್ರೀಯರೂ ದುರ್ಬಲರೂ ಅದನ್ನು ಮಾಡಬಲ್ಲರು ಎಂದರು. ಅಲ್ಲಿ ಪೌರುಷವನ್ನು ಮಂಜೂರುಮಾಡುವ ಅಧಿಕಾರಿಯೇ ಇಲ್ಲ. ಜೋಹಾನ್ಸ್‌ಬರ್ಗಿನಲ್ಲಿ ಹುಟ್ಟಿದ ವಳ್ಳಿಯಮ್ಮೆ ಎಂಬ ತಮಿಳು ಬಾಲೆ, ವಯಸ್ಸಿನಲ್ಲಿ ಜಾನ್ ಕಿಪ್ಲಿಂಗನಿಗಿಂತ ಕೆಲವೇ ತಿಂಗಳು ಕಿರಿಯಳು, ಆ ಚಳುವಳಿಯಲ್ಲಿ ಸೆರೆಗೆ ಹೋಗಿ ಜ್ವರದಿಂದ ಕೃಶಳಾಗಿ ಬಂದಾಗ, ಪಶ್ಚಾತ್ತಾಪವಾಗಿದೆಯೇ ಎಂದು ಗಾಂಧಿಯವರು ಕೇಳಿದರು. ಮತ್ತೆ ಹೋಗಲು ಸಿದ್ಧಳೆಂದು ಅವಳು ಉತ್ತರವಿತ್ತಳು. 1914ರ ಫೆಬ್ರವರಿಯಲ್ಲಿ ತೀರಿಕೊಂಡಳು. ಕಿಪ್ಲಿಂಗನು ಬೇಡಿದ ಸ್ಥೈರ್ಯವೆಲ್ಲ ಅವಳಲ್ಲಿತ್ತು, ಏಕೆ ಸಹಿಸುತ್ತಿರುವೆನೆಂಬ ಅರಿವೂ ಇತ್ತು. ಆದರೂ ಆ ಕವಿತೆಯ ಕೊನೆಯ ಸಾಲು ಅವಳಿಗೆ ಕೊಡಬಲ್ಲ ಬಿರುದು ಯಾವುದೂ ಇಲ್ಲ. ಯಾವ ತಂದೆಯಿಂದಲೂ ಅವಳು ಅದನ್ನು ಕೇಳಿರಲೂ ಇಲ್ಲ.