ರಚನೆಗೆ ಕರ್ತೃ ಬೇಕೇ

ಅರಿವಿಲ್ಲದ ಮೂಲದ್ರವ್ಯವೇ ಜಗತ್ತಾಗಿ ಪರಿಣಮಿಸಿತೆಂಬ ಸಾಂಖ್ಯಮತವನ್ನು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯವು ‘ರಚನಾನುಪಪತ್ತಿ’ಯೆಂಬ ಹೇತುವಿನಿಂದ, ಅಂದರೆ ಅಚೇತನದಿಂದ ವ್ಯವಸ್ಥಿತ ರಚನೆ ಸಲ್ಲದೆಂಬ ಕಾರಣದಿಂದ, ನಿರಾಕರಿಸುತ್ತದೆ. ಮನೆ, ಪ್ರಾಸಾದಗಳನ್ನು ಬುದ್ಧಿವಂತ ಶಿಲ್ಪಿಗಳು ಕಟ್ಟುತ್ತಾರೆಯೇ ಹೊರತು ಕಲ್ಲು, ಮಣ್ಣುಹೆಂಟೆಗಳಲ್ಲಿ ಅಂಥ ಸಾಮರ್ಥ್ಯ ಕಂಡುಬರುವುದಿಲ್ಲವೆಂಬುದು ಶಂಕರಭಾಷ್ಯದ ವಾದ. ಇದರ ಬಲವೆಲ್ಲ ‘ಕಂಡುಬರುವುದಿಲ್ಲ’ ಎಂಬ ಲೋಕಾನುಭವದ ಮೇಲೆ ನಿಂತಿರುವುದರಿಂದ, ಅನುಭವ ಬೆಳೆದಾಗ ವಾದವನ್ನೂ ಮತ್ತೆ ತೂಗಿ ನೋಡಬೇಕಾಗುತ್ತದೆ.

ಹಾಗೆ ತೂಗಲು ಬ್ಯಾಕ್ಟೀರಿಯೊಫೇಜ್, ಎಂದರೆ ಬ್ಯಾಕ್ಟೀರಿಯಾಗಳಿಗೆ ಸೋಂಕುವ ವೈರಸ್, ಉತ್ತಮ ನಿದರ್ಶನ. ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ತಗಲುವ ಟಿ4 ಎಂಬ ಫೇಜ್‌ಗೆ ಡಿಎನ್‌ಎ ತುಂಬಿದ ತಲೆ, ಕುಗ್ಗಬಲ್ಲ ಬಾಲ ಮತ್ತು ಆರು ನೀಳ ಬಾಲತಂತುಗಳಿವೆ. 1966ರಲ್ಲಿ ರಾಬರ್ಟ್ ಎಡ್ಗರ್ ಮತ್ತು ವಿಲಿಯಂ ವುಡ್ ಅವರು ತಂತುಗಳಿಲ್ಲದ ಕಣಗಳನ್ನು, ತಂತುಗಳನ್ನಷ್ಟೇ ಒದಗಿಸಬಲ್ಲ ಇನ್ನೊಂದು ಕೋಶರಸದೊಡನೆ ಬೆರೆಸಿದಾಗ, ಜೀವಂತ ಕೋಶದ ಹೊರಗೆ, ಪ್ರನಾಳದಲ್ಲಿಯೇ, ಸೋಂಕುಶಕ್ತಿಯುಳ್ಳ ಪೂರ್ಣ ಫೇಜ್‌ಗಳು ರೂಪುಗೊಂಡವು. ತಲೆ, ಬಾಲ, ತಂತುಗಳು ಬೇರೆಬೇರೆಯಾಗಿ ಸಿದ್ಧವಾಗುತ್ತವೆ. ತಲೆಯೊಳಗೆ ಮೊದಲು ಸಾರುವೆಯಂತೆ ನಿಲ್ಲುವ ಪ್ರೋಟೀನ್‌ಗಳು ಕವಚ ಮುಗಿದೊಡನೆ ಕತ್ತರಿಸಲ್ಪಟ್ಟು ಡಿಎನ್‌ಎಗೆ ಜಾಗ ಬಿಡುತ್ತವೆ. ಬಾಲದ ಉದ್ದವನ್ನು ಅಳತೆಗೋಲಿನಂಥ ಮತ್ತೊಂದು ಪ್ರೋಟೀನ್ ನಿಶ್ಚಯಿಸುತ್ತದೆ. ತಲೆಗೆ ಬಾಲ ಕೂಡಿದ ಬಳಿಕವೇ ತಂತುಗಳು ಅಂಟುತ್ತವೆ. ಈ ಕ್ರಮವನ್ನು ಕಾಯುವ ಮೇಸ್ತ್ರಿ ಅಲ್ಲಿಲ್ಲ. ಒಂದು ಭಾಗ ಕುಳಿತಾಗ ಅದರ ಆಕಾರದಲ್ಲಾಗುವ ಬದಲಾವಣೆಯೇ ಮುಂದಿನ ಭಾಗಕ್ಕೆ ನೆಲೆಯಾಗುತ್ತದೆ.

ತರ್ಕಶಾಸ್ತ್ರದಲ್ಲಿ ಮಡಕೆಗೆ ಮಣ್ಣು ಉಪಾದಾನಕಾರಣ, ಕುಂಬಾರ ನಿಮಿತ್ತಕಾರಣ. ಫೇಜ್‌ನ ಜೋಡಣೆಯಲ್ಲಾದರೋ ನಿಮಿತ್ತದ ಕೆಲಸದ ಬಹುಪಾಲು ಉಪಾದಾನದೊಳಗೇ ಅಡಗಿದೆ. ಬಹುಪಾಲು ಎನ್ನಲು ಕಾರಣವಿದೆ: ತಲೆಯ ಮುಖ್ಯ ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳಲು ಬ್ಯಾಕ್ಟೀರಿಯಾದ್ದೇ ಆದ ಗ್ರೋಇಎಲ್ ಎಂಬ ಸಹಾಯಕ ಪ್ರೋಟೀನ್ ಬೇಕು, ಡಿಎನ್‌ಎ ತುಂಬಲು ಶಕ್ತಿ ವ್ಯಯವಾಗಬೇಕು. ಆದರೆ ಆ ನೆರವೂ ಅಚೇತನವೇ. ಇಂಥ ಆಕಾರಗಳು ಮೊದಲಿಗೆ ಎಲ್ಲಿಂದ ಬಂದವೆಂದು ವೇದಾಂತಿ ಕೇಳಬಹುದು. ತಲೆಮಾರುಗಳ ವ್ಯತ್ಯಾಸ ಮತ್ತು ನಿಸರ್ಗದ ಆಯ್ಕೆಯೆಂದು ಜೀವಶಾಸ್ತ್ರ ಉತ್ತರಿಸುತ್ತದೆ. ಆ ಆಯ್ಕೆ ನಡೆಯಲು ಬೇಕಾದ ನಿಯಮಗಳಾದರೂ ಏಕಿವೆ ಎಂಬ ಪ್ರಶ್ನೆ ಆಗಲೂ ಉಳಿದಿರುತ್ತದೆ, ಅದನ್ನು ಪ್ರನಾಳದ ಪ್ರಯೋಗ ಬಗೆಹರಿಸಲಾರದು. ಬಿದ್ದುಹೋಗುವುದು ಮನೆ ಮತ್ತು ಶಿಲ್ಪಿಯ ದೃಷ್ಟಾಂತ ಮಾತ್ರ. ಅದು ಬಿದ್ದರೂ ಅದ್ವೈತಕ್ಕೆ ದೊಡ್ಡ ನಷ್ಟವಿಲ್ಲ, ಏಕೆಂದರೆ ಜಗತ್ಕಾರಣವನ್ನು ತಿಳಿಯುವುದು ಶ್ರುತಿಯಿಂದಲೇ, ಅನುಮಾನ ಅದಕ್ಕೆ ಬರಿಯ ಸಹಾಯಕವೆಂದು ಶಂಕರರೇ ಜನ್ಮಾದಿಸೂತ್ರದ ಭಾಷ್ಯದಲ್ಲಿ ನಿರ್ಣಯಿಸಿದ್ದಾರೆ.