ಒದ್ದೆ ಧಾನ್ಯ ಮೇಲಿರಲಿ



ನಿಮ್ಮ ಮನೆಯಲ್ಲಿಯೂ ಇಂಥ ಒಬ್ಬ ಮಗನೋ ಮಗಳೋ ಇರಬಹುದು. ಪ್ರವೇಶ ಪರೀಕ್ಷೆಗೆ ಕುಳಿತರೆ ಊರೇ ಬೆರಗಾಗುವಂತೆ ಅಂಕ ತರುವ ಮಗು. ಆದರೆ ಪಿಯುಸಿ ಅಂಕಪಟ್ಟಿಯನ್ನು ಮಾತ್ರ ನೆಂಟರ ಮುಂದೆ ತೆಗೆದಿಡಲು ತಂದೆತಾಯಿಗೆ ಸಂಕೋಚ. ಅಂಥ ಮಗು ದೊಡ್ಡ ಕಾಲೇಜೊಂದರ ಬಾಗಿಲು ತಟ್ಟುವಾಗ ಆ ಕಡಿಮೆ ಅಂಕದ ಬಗ್ಗೆ ಏನು ಹೇಳಬೇಕು? ಇದು ಅರ್ಜಿ ತುಂಬುವವರ ಚಿಂತೆ, ಧರ್ಮಕ್ಕೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಕಳೆದ ಬೇಸಿಗೆಯವರೆಗೆ ನಾನೂ ಹಾಗೆಯೇ ಭಾವಿಸಿದ್ದೆ.

ನಾನಿರುವುದು ಶಿಕಾರಿಪುರದಲ್ಲಿ. ವಾರಕ್ಕೊಮ್ಮೆ ಸೊರಬದ ಕಡೆಯ ಒಂದು ಊರಿನ ಮಸೀದಿಗೆ ಪಾಠ ಹೇಳಲು ಹೋಗುತ್ತೇನೆ. ಒಂದು ಸಂಜೆ ಮಗ್ರಿಬ್ ನಮಾಝಿನ ಬಳಿಕ ಒಬ್ಬ ತಂದೆ ನನ್ನ ಕೈ ಹಿಡಿದು ಹೊರಗಿನ ಕಟ್ಟೆಯ ಮೇಲೆ ಕೂರಿಸಿದರು. ಅವರ ಕಿರಿಯ ಮಗ ಎಸ್ಸೆಸ್ಸೆಲ್ಸಿಯಲ್ಲಿ ನನ್ನ ಬಳಿ ಕನ್ನಡ ಕಲಿತವನು. ಸರಕಾರದ ಸಿಇಟಿಯಲ್ಲಿ 180ಕ್ಕೆ 126 ಅಂಕ ತೆಗೆದಿದ್ದ. ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯ ತಾನೇ ನಡೆಸುವ ಪರೀಕ್ಷೆಯಲ್ಲಿಯೂ ಚೆನ್ನಾಗಿ ಮಾಡಿದ್ದ. ಆದರೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಸೇರಿ 300ಕ್ಕೆ 174. ಆ ವಿಶ್ವವಿದ್ಯಾಲಯದ ಅರ್ಜಿಯಲ್ಲಿ, ಅಂಕ ಕಡಿಮೆಯಾಗಿದ್ದರೆ ಕಾರಣ ಬರೆಯಲು ಒಂದು ಪುಟ ಇತ್ತು. ಜೊತೆಗೆ ಕಲಿಸಿದ ಶಿಕ್ಷಕರೊಬ್ಬರ ಪತ್ರವೂ ಬೇಕಿತ್ತು.

“ಹಜ್ರತ್, ಟೈಫಾಯ್ಡ್ ಆಗಿತ್ತು ಎಂದು ಎರಡು ಸಾಲು ಬರೆದುಬಿಡಿ. ನೀವು ಬರೆದರೆ ನಂಬುತ್ತಾರೆ,” ಎಂದರು ಅವರು.

ಆ ಹುಡುಗನಿಗೆ ಟೈಫಾಯ್ಡ್ ಆಗಿರಲಿಲ್ಲ. ನನಗದು ಗೊತ್ತು ಎಂಬುದು ಅವರಿಗೂ ಗೊತ್ತಿತ್ತು. ನನ್ನ ಗಡ್ಡವನ್ನೂ ಟೋಪಿಯನ್ನೂ ಸಾಕ್ಷಿಯಾಗಿ ಬಳಸಿಕೊಳ್ಳುವ ಉದ್ದೇಶ ಆ ಮಾತಿನಲ್ಲಿತ್ತು. ಆದರೂ ನನಗೆ ಸಿಟ್ಟು ಬರಲಿಲ್ಲ. ಆ ಮನೆಯಲ್ಲಿ ನಡೆದದ್ದು ನನಗೆ ತಿಳಿದಿತ್ತು. ಅವರು ಗುತ್ತಿಗೆಗೆ ಜಮೀನು ಹಿಡಿದು ಶುಂಠಿ ಹಾಕಿದ್ದರು. ಕೊಳೆರೋಗ ಬಂದು ಗಡ್ಡೆ ಮಣ್ಣಿನಲ್ಲಿಯೇ ಕರಗಿಹೋಯಿತು. ಸಾಲ ಉಳಿಯಿತು, ಅದೂ ಬಡ್ಡಿಯ ಸಾಲ. ಆ ವರ್ಷದ ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ತಾಯಿ, ಅಕ್ಕ ಮತ್ತು ಈ ಹುಡುಗ ಮೂವರೂ ರಾತ್ರಿಯವರೆಗೆ ಬೇರೆಯವರ ಅಂಗಳದಲ್ಲಿ ಕೂತು ಅಡಿಕೆ ಸುಲಿದರು. ನಮ್ಮ ಕಡೆಯ ಓದುಗರಿಗೆ ಆ ಕೆಲಸದ ಬಗ್ಗೆ ವಿವರಿಸಬೇಕಾಗಿಲ್ಲ. ಮೆಟ್ಟುಗತ್ತಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಕೈಯೆಲ್ಲ ಚೊಗರಿನಿಂದ ಕಪ್ಪಾಗಿ, ಸುಲಿದಷ್ಟಕ್ಕೆ ತೂಕದ ಮೇಲೆ ಕೂಲಿ. ಕೊಯ್ಲು ಮುಗಿಯುವ ಹೊತ್ತಿಗೆ ಪಿಯುಸಿ ಪರೀಕ್ಷೆ ಬಾಗಿಲಿಗೆ ಬಂದಿರುತ್ತದೆ.

ಹಾಗಾದರೆ ಟೈಫಾಯ್ಡ್ ಯಾಕೆ? ಇದ್ದ ಕಾರಣವನ್ನೇ ಬರೆಯಬಹುದಲ್ಲ ಎಂದೆ. ತಂದೆ ತಲೆ ತಗ್ಗಿಸಿದರು. ರೋಗ ಅಲ್ಲಾಹನಿಂದ ಬಂದದ್ದು, ಅದರಲ್ಲಿ ನಾಚಿಕೆಯಿಲ್ಲ. ಬಡ್ಡಿ ಸಾಲವನ್ನು ನಾನೇ ತಂದುಕೊಂಡದ್ದು ಎಂಬ ಅರ್ಥದ ಮಾತನ್ನು ಮೆಲ್ಲಗೆ ಆಡಿದರು.

ಆ ದಿನ ನಾನು ಉತ್ತರ ಕೊಡದೆ ಎದ್ದು ಬಂದೆ. ದಾರಿಯಲ್ಲಿ, ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ, ಹತ್ತಿರದ ಬಳ್ಳಿಗಾವಿಯ ನೆನಪಾಯಿತು. ಬಿ.ಎ. ಓದುವಾಗ ನಮ್ಮ ಕನ್ನಡ ಮೇಷ್ಟ್ರು ಅಲ್ಲಿಯ ಕೋಡಿಯಮಠದ ಕ್ರಿ.ಶ. 1162ರ ಶಾಸನದ ಬಗ್ಗೆ ಪಾಠ ಮಾಡಿದ್ದರು. ಅಲ್ಲಿ ಕಲಿಸುತ್ತಿದ್ದ ವೇದ, ವ್ಯಾಕರಣ ಮೊದಲಾದ ವಿದ್ಯೆಗಳನ್ನು ಹೇಳುವ ಆ ಶಾಸನವೇ ಬಡವರಿಗೆ ಅನ್ನ, ರೋಗಿಗಳಿಗೆ ಔಷಧ ಕೊಡುತ್ತಿದ್ದುದನ್ನೂ ಹೇಳುತ್ತದೆ. ಧರ್ಮ ಬೇರೆ, ಕಾಲ ಬೇರೆ. ಆದರೆ ವಿದ್ಯೆ ಮತ್ತು ಅನ್ನ ಒಂದೇ ಕಲ್ಲಿನ ಮೇಲೆ ಇರುವುದನ್ನು ಕಂಡರೆ, ಅಂಕಪಟ್ಟಿಯಲ್ಲಿ ಅನ್ನದ ಲೆಕ್ಕಕ್ಕೆ ಒಂದು ಸಾಲೂ ಇಲ್ಲವಲ್ಲ ಎನಿಸುತ್ತದೆ.

ಈಗ ಅಳತೆಯ ವಿಷಯಕ್ಕೆ ಬರೋಣ. ಇಂಜಿನಿಯರಿಂಗ್ ರ‍್ಯಾಂಕ್ ಕೊಡುವಾಗ ನಮ್ಮ ರಾಜ್ಯದಲ್ಲಿ ಪಿಯುಸಿಯ ಮೂರು ವಿಷಯಗಳ ಅಂಕಕ್ಕೆ ಅರ್ಧ, ಸಿಇಟಿ ಅಂಕಕ್ಕೆ ಅರ್ಧ ತೂಕ. ಈ ಹುಡುಗನಿಗೆ ಸಿಇಟಿಯಲ್ಲಿ ಶೇಕಡಾ 70, ಪಿಯುಸಿಯಲ್ಲಿ ಶೇಕಡಾ 58. ಎರಡೂ ಸೇರಿ 64. ಸಿಇಟಿಯಲ್ಲಿ ಕೇವಲ 90 ಅಂಕ ತೆಗೆದ, ಆದರೆ ಪಿಯುಸಿಯಲ್ಲಿ 285 ಇರುವ ಇನ್ನೊಬ್ಬನಿಗೆ ಎರಡೂ ಸೇರಿ 72.5. ಇವನು ಹಿಂದೆ, ಅವನು ಮುಂದೆ. ತಂದೆಗೆ ಇದು ಅನ್ಯಾಯವೆಂದು ಕಾಣುತ್ತದೆ. ಅದೇ ಹುಡುಗ ವೈದ್ಯಕೀಯಕ್ಕೆ ಹೋಗುವವನಾಗಿದ್ದರೆ ನೀಟ್ ಅಂಕವೇ ರ‍್ಯಾಂಕನ್ನು ನಿರ್ಧರಿಸುತ್ತಿತ್ತು. ಪಿಯುಸಿಯಲ್ಲಿ ಅರ್ಹತೆಗೆ ಬೇಕಾದಷ್ಟು ಇದ್ದರೆ ಸಾಕಿತ್ತು. ಸುರತ್ಕಲ್‌ನ ಎನ್‌ಐಟಿಯಂಥ ಸಂಸ್ಥೆಗಳಿಗೆ ಸೇರಲು ಬರೆಯುವ ಜೆಇಇ ಮೈನ್‌ನಲ್ಲಿ 2013ರಿಂದ 2016ರವರೆಗೆ ಹನ್ನೆರಡನೇ ತರಗತಿಯ ಅಂಕಕ್ಕೆ ಶೇಕಡಾ 40 ತೂಕವಿತ್ತು. 2017ರಲ್ಲಿ ಅದನ್ನು ತೆಗೆದರು. ಪಕ್ಕದ ತಮಿಳುನಾಡಿನಲ್ಲಿ ಇದಕ್ಕೆ ತದ್ವಿರುದ್ಧ. ಇಂಜಿನಿಯರಿಂಗ್‌ಗೆ ರಾಜ್ಯದ ಪ್ರವೇಶ ಪರೀಕ್ಷೆಯನ್ನೇ ನಿಲ್ಲಿಸಿ ಹನ್ನೆರಡನೇ ತರಗತಿಯ ಅಂಕವನ್ನೇ ನೋಡುತ್ತಾರೆ. ಒಂದೇ ಹುಡುಗ ಒಂದು ಕಡೆ ಬುದ್ಧಿವಂತ, ಇನ್ನೊಂದು ಕಡೆ ಸಾಧಾರಣ!

2022ರಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಕೊರೋನಾ ಕಾರಣದಿಂದ 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ನಡೆಸದೆ, ಹಿಂದಿನ ತರಗತಿಗಳ ಅಂಕ ನೋಡಿ ಫಲಿತಾಂಶ ಕೊಟ್ಟರು. ಎರಡು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ 600ಕ್ಕೆ 600 ಬಂತು. ಅವರಲ್ಲಿ ಅನೇಕರು ಮರುವರ್ಷ ಮತ್ತೆ ಸಿಇಟಿ ಬರೆದಾಗ, ಪರೀಕ್ಷಾ ಪ್ರಾಧಿಕಾರ ಅವರ ಪಿಯುಸಿ ಅಂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ವಿದ್ಯಾರ್ಥಿಗಳು ಹೈಕೋರ್ಟಿಗೆ ಹೋದರು. ಅರ್ಧಕ್ಕರ್ಧ ತೂಕ ಕೊಡಿ ಎಂದು ಏಕಸದಸ್ಯ ಪೀಠ ಹೇಳಿತು. ಸರಕಾರ ಮೇಲ್ಮನವಿ ಸಲ್ಲಿಸಿತು. ಕೊನೆಗೆ ಆ ಮಕ್ಕಳ ಪಿಯುಸಿ ಅಂಕದಲ್ಲಿ ವಿಷಯಕ್ಕೆ ಸರಾಸರಿ ಆರು ಅಂಕ ಕಳೆದು ಸೇರಿಸುವ ಒಪ್ಪಂದಕ್ಕೆ ವಿಭಾಗೀಯ ಪೀಠದ ಒಪ್ಪಿಗೆ ಸಿಕ್ಕಿತು. ಆರು ಅಂಕ! ನ್ಯಾಯದ ತಕ್ಕಡಿ ಹಿಡಿದವರೂ ಅಂದಾಜಿನಿಂದಲೇ ಕಲ್ಲು ಇಡಬೇಕಾಯಿತು. ನಾನಿದನ್ನು ಹಾಸ್ಯಕ್ಕೆ ಹೇಳುತ್ತಿಲ್ಲ. ಮನುಷ್ಯರ ಅಳತೆ ಮನುಷ್ಯರು ಕೂತು ಮಾಡಿಕೊಂಡ ಏರ್ಪಾಡು. ಅದರಲ್ಲಿ ಕಡಿಮೆ ಬಂದವನು ಅಲ್ಲಾಹನ ಬಳಿ ಕಡಿಮೆಯಾಗುವುದಿಲ್ಲ; ಹೆಚ್ಚು ಬಂದವನು ಹೆಚ್ಚಾಗುವುದೂ ಇಲ್ಲ.

ಆದರೆ ಇಲ್ಲಿಯೇ ನಾವು ಜಾರಿ ಬೀಳುತ್ತೇವೆ. ಪವಿತ್ರ ಕುರ್‌ಆನಿನ 83ನೇ ಅಧ್ಯಾಯ ಅಲ್ ಮುತಫ್ಫಿಫೀನ್ ಅಳತೆಯಲ್ಲಿ ವಂಚಿಸುವವರ ಕುರಿತಾದದ್ದು. ತಮಗೆ ಬರಬೇಕಾದುದನ್ನು ಪೂರ್ತಿ ಅಳೆದು ಪಡೆದು, ಇತರರಿಗೆ ಕೊಡುವಾಗ ಕಡಿಮೆ ಅಳೆಯುವವರನ್ನು ಅದು ಎಚ್ಚರಿಸುತ್ತದೆ. ಅದು ಅಂಗಡಿಯವರಿಗೆ ಮಾತ್ರ ಎಂದು ನಾವು ಓದಿಬಿಡುತ್ತೇವೆ. ಪ್ರವೇಶ ಪರೀಕ್ಷೆಯ ಅಂಕ ಬಂದಾಗ ‘ನನ್ನ ಮಗನ ಬುದ್ಧಿ’ ಎನ್ನುತ್ತೇವೆ. ಪಿಯುಸಿ ಅಂಕ ಕಡಿಮೆಯಾದಾಗ ‘ಉಪನ್ಯಾಸಕರು ಸರಿಯಿಲ್ಲ, ಮೌಲ್ಯಮಾಪನ ಸರಿಯಿಲ್ಲ’ ಎನ್ನುತ್ತೇವೆ. ಎರಡಕ್ಕೂ ಒಂದೇ ಸೇರು ಬಳಸಿದ್ದೇವೆಯೇ? ಪಿಯುಸಿಯಲ್ಲಿ 285 ತೆಗೆದ ಆ ಇನ್ನೊಬ್ಬ ಹುಡುಗ ಬರೀ ಬಾಯಿಪಾಠದವನು ಎಂದು ನಮಗೆ ಹೇಳಿದವರು ಯಾರು? ಅವನೂ ದಿನವೂ ನಾಲ್ಕೂವರೆಗೆ ಎದ್ದಿರಬಹುದು. ಸ್ವಲ್ಪವೇ ಆದರೂ ನಿರಂತರವಾಗಿ ಮಾಡುವ ಕರ್ಮ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ವರ್ಷದ ಅಂಕ ಅಳೆಯುವುದು ಆ ನಿರಂತರತೆಯನ್ನು. ಎಲ್ಲ ಸಲವೂ ಅಲ್ಲದಿದ್ದರೂ ಅನೇಕ ಸಲ. ಮದ್ರಸದಲ್ಲಿದ್ದಾಗ ನಾನೇ ಪರೀಕ್ಷೆಯ ಹಿಂದಿನ ಎರಡು ರಾತ್ರಿ ಕಿತಾಬು ಹಿಡಿದು, ವರ್ಷವಿಡೀ ಓದಿದ ಗೆಳೆಯನಿಗಿಂತ ಹೆಚ್ಚು ಅಂಕ ಪಡೆದು ಬೀಗಿದ್ದುಂಟು. ಇಂದು ಊರಿನವರು ವಾರಸು ಹಕ್ಕಿನ ಒಂದು ಮಸಲೆ ಕೇಳಿದರೆ ನಾನು ಕಿತಾಬು ತೆರೆಯಬೇಕು. ಅವನು ನಿಂತಲ್ಲಿಯೇ ಉತ್ತರಿಸುತ್ತಾನೆ.

ಮರುವಾರ ಹುಡುಗನನ್ನು ಒಬ್ಬನನ್ನೇ ಕರೆದು ಕೂರಿಸಿಕೊಂಡೆ. ಅಡಿಕೆ ಸುಲಿದದ್ದನ್ನೇ ಬರೆಯೋಣವೇ ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾರ್, ಸುಲಿದದ್ದು ನಿಜ. ಆದ್ರೆ ಎಲ್ಲ ಅದರಿಂದಲೇ ಅಲ್ಲ. ಲೆಕ್ಕ ನಂಗೆ ಇಷ್ಟ, ಎಷ್ಟು ಹೊತ್ತಾದ್ರೂ ಮಾಡ್ತಿದ್ದೆ. ರಸಾಯನಶಾಸ್ತ್ರ ಬೇಜಾರು. ಕೆಲಸ ಇಲ್ಲದ ದಿನಾನೂ ಪುಸ್ತಕ ತೆಗೀಲಿಲ್ಲ, ಮೊಬೈಲ್ ನೋಡ್ತಾ ಮಲಗಿದ್ದೆ,” ಎಂದ.

ಓದುಗರೇ, ಆ ಮಾತು ಕೇಳಿ ನಾನು ಬೆಚ್ಚಿದೆ. ತಂದೆಯ ಸುಳ್ಳನ್ನು ತಡೆಯಲು ಹೊರಟ ನಾನೇ ಇನ್ನೊಂದು ಸುಳ್ಳನ್ನು ಸಿದ್ಧಮಾಡಿಕೊಂಡಿದ್ದೆ. ಅಡಿಕೆಯ ಕಾರಣ ನಿಜ, ಕೇಳುವವರ ಮನಸ್ಸು ಕರಗಿಸುವಂಥದ್ದು. ಆದ್ದರಿಂದಲೇ ಅದನ್ನು ಪೂರ್ತಿ ಕಾರಣವೆಂದು ಬರೆಯುವುದು ಸುಲಭ. ಟೈಫಾಯ್ಡ್ ಸುಳ್ಳನ್ನು ವೈದ್ಯರು ಹಿಡಿಯಬಹುದು. ಈ ಸುಳ್ಳನ್ನು ಹಿಡಿಯಬಲ್ಲವನು ಆ ಹುಡುಗ ಒಬ್ಬನೇ.

ಸಹೀಹ್ ಮುಸ್ಲಿಮ್‌ನಲ್ಲಿ ಅಬೂಹುರೈರಾ(ರ) ವರದಿ ಮಾಡಿದ ಘಟನೆಯೊಂದಿದೆ. ಪ್ರವಾದಿವರ್ಯರು(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ಹೋಗುತ್ತಿದ್ದಾಗ ಅದರೊಳಗೆ ಕೈ ಹಾಕಿದರು. ಬೆರಳಿಗೆ ತೇವ ತಾಗಿತು. ಇದೇನು ಎಂದು ವಿಚಾರಿಸಿದಾಗ, ಮಳೆ ಬಿದ್ದು ಹಾಗಾಯಿತೆಂದು ವ್ಯಾಪಾರಿ ಹೇಳಿದ. ಜನರಿಗೆ ಕಾಣುವಂತೆ ಅದನ್ನು ಮೇಲೆ ಏಕೆ ಇಡಲಿಲ್ಲ ಎಂದು ಅವರು ಪ್ರಶ್ನಿಸಿದರು. ಮೋಸ ಮಾಡುವವನು ತಮ್ಮವನಲ್ಲ ಎಂದೂ ಎಚ್ಚರಿಸಿದರು. ಈ ಹದೀಸನ್ನು ನಾನು ಎಷ್ಟೋ ಬಾರಿ ಪ್ರವಚನದಲ್ಲಿ ಹೇಳಿದ್ದೇನೆ. ಆದರೆ ಒಂದಂಶವನ್ನು ಈವರೆಗೆ ಗಮನಿಸಿರಲಿಲ್ಲ. ಮಳೆಯ ಮಾತನ್ನು ಪ್ರವಾದಿವರ್ಯರು(ಸ) ಅಲ್ಲಗಳೆಯಲಿಲ್ಲ. ಮಳೆ ಬಿದ್ದದ್ದು ವ್ಯಾಪಾರಿಯ ತಪ್ಪೆಂದೂ ಹೇಳಲಿಲ್ಲ. ಕಾಳು ಒದ್ದೆಯಾದದ್ದು ಅವನಿಂದಲ್ಲ, ಆದರೆ ಅದನ್ನು ಒಳಗೆ ಮುಚ್ಚಿಟ್ಟದ್ದು ಅವನೇ.

ಶಿವಮೊಗ್ಗದ ಮಂಡಿಗೆ ಅಡಿಕೆ ಒಯ್ಯುವವರಿಗೂ ಇದು ಗೊತ್ತು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬೇರೆ ಬೇರೆ ದರ್ಜೆ. ಗೊರಬಲಿಗೂ ಅದರದ್ದೇ ಬೆಲೆ ಇದೆ, ಕೊಳ್ಳುವವರೂ ಇದ್ದಾರೆ. ಚೀಲದ ಬಾಯಿಗೆ ಒಳ್ಳೆಯದನ್ನು ಹಾಕಿ ಕೆಳಗೆ ಗೊರಬಲು ತುಂಬಿದಾಗ ಮಾತ್ರ ಅದು ವಂಚನೆ.

ನನ್ನ ಪತ್ರ ಒಂದು ಸಾಕ್ಷ್ಯ. ಸ್ವತಃ ನಿಮಗೆ, ನಿಮ್ಮ ತಂದೆತಾಯಿಗೆ, ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಸಾಕ್ಷಿಗಳಾಗಿ ನಿಲ್ಲಬೇಕೆಂಬ ಆದೇಶ ಅನ್ನಿಸಾ ಅಧ್ಯಾಯದ 135ನೇ ವಚನದಲ್ಲಿದೆ. ಆದ್ದರಿಂದ ನನಗೆ ತಿಳಿದದ್ದನ್ನು ಮಾತ್ರ ಬರೆದೆ. ಈ ವಿದ್ಯಾರ್ಥಿ ಗಣಿತದಲ್ಲಿ ತಾನೇ ದಾರಿ ಹುಡುಕುತ್ತಾನೆ. ಇಷ್ಟವಿಲ್ಲದ ವಿಷಯವನ್ನು ದೂರ ತಳ್ಳುತ್ತಾನೆ. ಪಿಯುಸಿ ವರ್ಷದಲ್ಲಿ ಮನೆಯ ಸಾಲ ತೀರಿಸಲು ಕೆಲವು ತಿಂಗಳು ಸಂಜೆಯ ಕೂಲಿಗೆ ಹೋಗಿದ್ದಾನೆ. ಅಂಕ ಕಡಿಮೆಯಾಗಲು ಇದು ಒಂದು ಕಾರಣ, ಏಕೈಕ ಕಾರಣವಲ್ಲ ಎಂದು ಅವನೇ ನನಗೆ ಹೇಳಿದ್ದಾನೆ. ಕಾರಣ ಬರೆಯುವ ಪುಟವನ್ನು ಹುಡುಗ ತಾನೇ ಬರೆದ. ನಾನು ತಿದ್ದಿದ್ದು ಕಾಗುಣಿತವನ್ನು ಮಾತ್ರ.

ಇನ್ನೊಂದು ಮಾತನ್ನೂ ಅವನಿಗೆ ಹೇಳಿದೆ. 2024ರಿಂದ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು; ಹೆಚ್ಚು ಬಂದದ್ದು ಉಳಿಯುತ್ತದೆ. ಬೇಜಾರಿನ ರಸಾಯನಶಾಸ್ತ್ರವನ್ನು ಇನ್ನೊಮ್ಮೆ ಓದು ಎಂದೆ. ಅವನು ಮುಖ ಸಿಂಡರಿಸಿದ, ಆದರೆ ಅರ್ಜಿ ಹಾಕಿದ. ನಿಮ್ಮ ಮಕ್ಕಳಿಗೂ ಇದನ್ನು ತಿಳಿಸಿ. ಒದ್ದೆಯಾದದ್ದನ್ನು ಒಣಗಿಸಲು ಬಿಸಿಲಿರುವಾಗ ಸುಮ್ಮನೆ ಕೂರಬಾರದು.

ಪತ್ರವನ್ನು ಕಳುಹಿಸುವ ಮೊದಲು ತಂದೆಗೆ ಓದಿ ಹೇಳಿದೆ. ಅವರು ಪೂರ್ತಿ ಕೇಳಿ, “ಹಜ್ರತ್, ಎಲ್ಲ ಇರಲಿ. ‘ಸಾಲ’ ಅನ್ನೋ ಒಂದು ಮಾತು ತೆಗೀಬಹುದಾ?” ಎಂದರು.

ನಾನು ಯೋಚಿಸಿದೆ. ಸಹೋದರನ ಕೊರತೆಯನ್ನು ಮರೆಮಾಚಿದವನ ಕೊರತೆಯನ್ನು ಅಲ್ಲಾಹನು ಮರೆಮಾಚುತ್ತಾನೆಂಬ ಬೋಧನೆಯೂ ನಮ್ಮಲ್ಲಿದೆ. ಕೊಳ್ಳುವವನಿಗೆ ಕಾಳು ಒದ್ದೆಯೆಂದು ತಿಳಿಯಬೇಕು. ಮಾರುವವನ ಮನೆಯ ಮಾಡು ಎಲ್ಲೆಲ್ಲಿ ಸೋರುತ್ತದೆಂಬ ಪಟ್ಟಿ ಅವನಿಗೆ ಸಲ್ಲಬೇಕಾದುದಲ್ಲ. ‘ಮನೆಯ ಸಾಲ ತೀರಿಸಲು’ ಎಂಬಲ್ಲಿ ‘ಮನೆಯ ಕಷ್ಟಕ್ಕಾಗಿ’ ಎಂದು ತಿದ್ದಿದೆ. ತಿದ್ದಿದ್ದು ಸರಿಯೇ ಎಂದು ಆ ರಾತ್ರಿ ಇಶಾ ನಮಾಝಿನ ಬಳಿಕವೂ ಕೇಳಿಕೊಂಡೆ. ಸರಿ ಎಂದೇ ಈಗಲೂ ನನಗೆ ಕಾಣುತ್ತದೆ. ನಿಮಗೆ ಬೇರೆ ತೋರಿದರೆ ಬರೆದು ತಿಳಿಸಿ.

ಮರುದಿನ ಶಿಕಾರಿಪುರದ ಸೈಬರ್ ಅಂಗಡಿಯೊಂದರಲ್ಲಿ ಮೂವರೂ ಕೂತು ಅರ್ಜಿ ಕಳುಹಿಸಿದೆವು. ಅಂಕಪಟ್ಟಿಯನ್ನು ಮೊದಲು ಹಾಕಲೇ, ಪರೀಕ್ಷೆಯ ಫಲಿತಾಂಶವನ್ನು ಮೊದಲು ಹಾಕಲೇ ಎಂದು ಅಂಗಡಿಯ ಹುಡುಗ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ತಂದೆ, “ಅಂಕಪಟ್ಟಿ ಮೊದಲು ಹಾಕಪ್ಪ,” ಎಂದರು.