ಗವಿಯ ಬೆಳಕೂ ಪರದೇಶದ ಸಾಕ್ಷಿಯೂ

ಬೆಂಗಳೂರಿನ ಹನುಮಂತನಗರದ ಕುಮಾರಸ್ವಾಮಿ ಬೆಟ್ಟವನ್ನಿಳಿದು ಗವೀಪುರದ ಕಡೆಗೆ ನಡೆದವರಿಗೆ, ಬಂಡೆಯೊಳಗೆ ಕೊರೆದ ಗಂಗಾಧರೇಶ್ವರನ ಗುಡಿಯೂ ಅದರ ಅಂಗಳದ ಸೂರ್ಯಪಾನ ಚಂದ್ರಪಾನಗಳೆಂಬ ಬೃಹತ್ ಶಿಲಾಚಕ್ರಗಳೂ ಚಿರಪರಿಚಿತ. ಮಕರ ಸಂಕ್ರಾಂತಿಯ ಸಂಜೆ ನಂದಿಯ ಕೊಂಬುಗಳ ನಡುವೆ ಹಾಯ್ದ ಕಿರಣವು ಲಿಂಗವನ್ನು ಮುಟ್ಟುವ ಕ್ಷಣಕ್ಕಾಗಿ ಕಾದು ನಿಂತ ಭಕ್ತನಿಗೆ ಅದು ಸೂರ್ಯನೇ ಸಲ್ಲಿಸುವ ಸೇವೆ. ಇಂತಹ ಸನ್ನಿಧಿಯನ್ನು ಪರದೇಶದವನೊಬ್ಬನು ಬರೆದು ಅಳೆದು ನೋಡಿದ ಮಾತ್ರಕ್ಕೆ ಅದರ ಪಾವಿತ್ರ್ಯಕ್ಕೆ ಕುಂದುಂಟಾಗುವುದೆ?

1792ರಲ್ಲಿ, ಮೂರನೆಯ ಮೈಸೂರು ಯುದ್ಧ ಮುಗಿದ ಬೆನ್ನಿಗೆ, ಆಂಗ್ಲ ಚಿತ್ರಕಾರ ಥಾಮಸ್ ಡೇನಿಯಲನು ಸೋದರನ ಮಗ ವಿಲಿಯಮನೊಡನೆ ಬಂದು ಈ ಗುಡಿಯನ್ನು ಚಿತ್ರಿಸಿದನು. ಅವರಿಗೆ ದಾರಿ ತೆರೆದುದು ಆಂಗ್ಲ ಸೇನಾಧಿಪತಿ ಕಾರ್ನ್‌ವಾಲಿಸನ ಸೇನೆ, ಸ್ಥಳದವರಾರೂ ಕರೆದಿರಲಿಲ್ಲ. ಆದರೂ ಎರಡು ಶತಮಾನಗಳ ತರುವಾಯ, ಬೆಂಗಳೂರಿನ ನೆಹರೂ ತಾರಾಲಯದ ಬಿ. ಎಸ್. ಶೈಲಜಾ ಮತ್ತು ಸಂಗಡಿಗರು ಗುಡಿಯೊಳಗಿನ ಬೆಳಕಿನ ಹಾದಿಯನ್ನು ಶೋಧಿಸಿ 2008ರಲ್ಲಿ ಪ್ರಕಟಿಸಿದಾಗ, ಆ ಚಿತ್ರಗಳೇ ಅವರಿಗೆ ಸಾಕ್ಷಿಯಾದುವು. ಡೇನಿಯಲನ ಕಾಲದಲ್ಲಿ ಕಟ್ಟಡಗಳು ಕಡಿಮೆಯಿದ್ದುವು. ಬಳಿಕ ಎದ್ದ ಗೋಡೆಗಳು ಕಿರಣದ ದಾರಿಯನ್ನು ಬದಲಿಸಿವೆ. ವಿಜಯಿಗಳ ಬೆಂಬಲದಲ್ಲಿ ಬಂದವನ ಕುಂಚವೂ ಸತ್ಯವನ್ನು ನುಡಿಯಬಲ್ಲುದು. ಬಂದ ರೀತಿಯನ್ನು ಮೆಚ್ಚದೆಯೂ ಆ ಸಾಕ್ಷ್ಯವನ್ನು ನಾವು ಸ್ವೀಕರಿಸಬೇಕು.

ಪ್ರತ್ಯಕ್ಷಕ್ಕೆ ಗೋಚರವಾಗುವ ವಿಷಯದಲ್ಲಿ ಶ್ರುತಿಯು ಪ್ರತ್ಯಕ್ಷವನ್ನು ಅಲ್ಲಗಳೆಯಲು ಹೊರಡದೆಂಬುದು ಶಂಕರರ ಮತ. ಗೌತಮರು ಇಲ್ಲಿ ತಪಸ್ಸು ಮಾಡಿದರೆಂಬ ಸ್ಥಳಪುರಾಣವು ಹೇಳುವುದು ಒಂದನ್ನು, ಗೋಡೆಯ ಕೋನವನ್ನು ಅಳೆದವನು ಹೇಳುವುದು ಮತ್ತೊಂದನ್ನು. ಎರಡರ ವಿಷಯವೇ ಬೇರೆಯಾದುದರಿಂದ ಅವುಗಳಿಗೆ ಜಗಳ ಹಚ್ಚುವುದು ಅವಿವೇಕ. ಅಳತೆಗೆ ಅಂಜುವ ಶ್ರದ್ಧೆಯನ್ನು ನಾನು ದೃಢವಾದುದೆಂದು ಎಣಿಸಲಾರೆ.

ಹಂಪೆಯಲ್ಲಿ ಪರದೇಶದ ಸಾಕ್ಷಿಗೂ ನಮ್ಮ ನೆಲಕ್ಕೂ ಇರುವ ಸಂಬಂಧವು ಇನ್ನೂ ಗೌರವದ ರೂಪವನ್ನು ತಾಳಿತು. 1980ರ ದಶಕದಿಂದ ಮೊದಲ್ಗೊಂಡು ಆಸ್ಟ್ರೇಲಿಯದ ಜಾರ್ಜ್ ಮಿಚೆಲ್ ಮತ್ತು ಅಮೆರಿಕದ ಜಾನ್ ಫ್ರಿಟ್ಜ್ ಅವರು, ರಾಜ್ಯದ ಪ್ರಾಚ್ಯವಸ್ತು ಇಲಾಖೆಯ ಎಂ. ಎಸ್. ನಾಗರಾಜರಾಯರಂತಹ ವಿದ್ವಾಂಸರ ಸಹಕಾರದಿಂದ, ವರ್ಷ ವರ್ಷವೂ ಬಂದು ಆ ಹಾಳೂರನ್ನು ಅಡಿಯಡಿಯಾಗಿ ಅಳೆದರು. ಹಜಾರರಾಮನ ಗುಡಿಯು ಅರಸರ ನೆಲೆಯ ನಡುವಿನ ಕೇಂದ್ರವೆಂದೂ, ಅಲ್ಲಿಂದ ಉತ್ತರಕ್ಕೆ ನೋಡಿದರೆ ರಾಮಕಥೆಯಲ್ಲಿ ಬರುವ ಮತಂಗ ಪರ್ವತದ ಶಿಖರವು ನೇರವಾಗಿ ನಿಲ್ಲುವುದೆಂದೂ ಅವರು ತೋರಿದರು. ರಾಮಕಥೆಯ ನೆಲವೆಂದು ಯಾತ್ರಿಕರು ಪೂಜಿಸಿದ ಊರಿನ ವಿನ್ಯಾಸದಲ್ಲಿಯೇ ಆ ಕಥೆಯು ನೆಲಸಿದೆಯೆಂಬುದಕ್ಕೆ ನಾಸ್ತಿಕನೂ ಒಪ್ಪುವ ಆಧಾರ ದೊರೆತಂತಾಯಿತು.

ಅಧ್ಯಯನ ಅಧ್ಯಾಪನಗಳಿಂದ ತೀರುವ ಋಣವನ್ನು ನಮ್ಮವರು ಋಷಿಋಣವೆಂದರು. ಅದನ್ನು ತೀರಿಸುವ ಅಧಿಕಾರಕ್ಕೆ ಹುಟ್ಟಿದ ದೇಶವನ್ನು ವಿಚಾರಿಸಬೇಕಾಗಿಲ್ಲ. ಆದರೆ ಅಧ್ಯಯನದಿಂದ ಅರ್ಧವಷ್ಟೇ ತೀರೀತು. ಅಧ್ಯಾಪನವು ಆ ನೆಲದವರಿಗೇ ಮೊದಲು ಸಲ್ಲಬೇಕು. ಡೇನಿಯಲನ ಚಿತ್ರಗಳ ಪ್ರತಿಗಳು, ಹಂಪೆಯ ನಕ್ಷೆಗಳು, ಅವುಗಳ ವಿವರಣೆ, ಇವೆಲ್ಲವೂ ತಿಳಿಗನ್ನಡದಲ್ಲಿ ಗವೀಪುರದ, ಹಂಪೆಯ ಬಳಿಯ ಕಮಲಾಪುರದ ಶಾಲೆಯ ಮಕ್ಕಳ ಕೈಗೆ ಬರಲಿ. ಅದನ್ನು ಸಾಧಿಸುವ ಹೊಣೆ ವಿದೇಶೀಯರಿಗಿಂತ ಹೆಚ್ಚಾಗಿ ನಮ್ಮ ವಿಶ್ವವಿದ್ಯಾನಿಲಯಗಳದು.